ಮಣ್ಣೊಳಗಿನ ಕಾಲಿಲ್ಲದ ಹಾವುರಾಣಿ: ಗುರುತಿಸೋದು ಹೇಗೆ, ಹೆಸರು ಹುಡುಕೋದು ಹೇಗೆ?

ಬೆಂಗಳೂರಿನಲ್ಲಿ ಮಳೆ ಹಿಡಿಯಿತು ಅಂದರೆ ನನಗೆ ಬರುವ ಫೋಟೋಗಳು ಜಾಸ್ತಿಯಾಗುತ್ತವೆ. ಕುಂಡದ ಮಣ್ಣು ಬದಲಿಸುವಾಗ ಸಿಕ್ಕಿದ್ದು, ಬಚ್ಚಲಿನ ಜಾಲರಿಯಿಂದ ಮೇಲೆ ಬಂದಿದ್ದು, ಸೈಟಿನಲ್ಲಿ ಪಾಯ ತೋಡುವಾಗ ಕಂಡಿದ್ದು. ಪ್ರಶ್ನೆ ಮಾತ್ರ ಒಂದೇ: ‘ಇದು ಹಾವಾ, ಹುಳುವಾ, ಇಲ್ಲಾ ಕಾಲಿಲ್ಲದ ಹಾವುರಾಣಿನಾ?’ ಪ್ರಾಣಿಶಾಸ್ತ್ರ ಓದುವ ಮಕ್ಕಳು ಇನ್ನೊಂದು ಕೇಳುತ್ತಾರೆ: ‘ಒಂದೊಂದು ವೆಬ್‌ಸೈಟಿನಲ್ಲಿ ಒಂದೊಂದು ಹೆಸರಿದೆ, ಯಾವುದನ್ನು ನಂಬಬೇಕು?’ ಎರಡಕ್ಕೂ ಒಂದೇ ಕಡೆ ಉತ್ತರ ಬರೆದಿಡುತ್ತಿದ್ದೇನೆ.

ಹಾವುರಾಣಿ ಅಂದರೆ ಇಂಗ್ಲಿಷಿನಲ್ಲಿ ಸ್ಕಿಂಕ್ ಅಂತ ಕರೆಯುವ ಪ್ರಾಣಿ. ಮೈ ನುಣುಪಾಗಿ ಹೊಳೆಯುತ್ತದೆ, ಕುತ್ತಿಗೆ ಅಂತ ಬೇರೆಯಾಗಿ ಕಾಣಿಸುವುದಿಲ್ಲ. ಜಗತ್ತಿನಲ್ಲಿ ಇವುಗಳ 1,700ಕ್ಕೂ ಹೆಚ್ಚು ಪ್ರಭೇದಗಳಿವೆ. ಯಾವುದಕ್ಕೂ ವಿಷವಿಲ್ಲ. ಹಾವುರಾಣಿ ವಿಷದ ಪ್ರಾಣಿ ಅಂತ ನಮ್ಮಲ್ಲಿ ತುಂಬಾ ಜನ ಈಗಲೂ ನಂಬುತ್ತಾರೆ. ಅದು ಸುಳ್ಳು, ದಯವಿಟ್ಟು ಹೊಡೆಯಬೇಡಿ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕಾಲಿಲ್ಲ ಅನ್ನುವುದು ಒಂದು ವಂಶದ ಗುರುತಲ್ಲ. ಮಣ್ಣೊಳಗೆ ಬದುಕಲು ಹೊರಟ ಬೇರೆ ಬೇರೆ ವಂಶದ ಹಲ್ಲಿಗಳು, ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಖಂಡಗಳಲ್ಲಿ ಕಾಲು ಕಳೆದುಕೊಂಡಿವೆ. ಹಾವು ಮತ್ತು ಹಲ್ಲಿಗಳ ಇಡೀ ಬಳಗದಲ್ಲಿ ಹೀಗೆ ಇಪ್ಪತ್ತೈದಕ್ಕೂ ಹೆಚ್ಚು ಸಲ ಆಗಿದೆ ಅನ್ನುವುದು ವಿಜ್ಞಾನಿಗಳ ಅಂದಾಜು. ಅದರಲ್ಲಿ ಹಾವುರಾಣಿಗಳದ್ದೇ ದೊಡ್ಡ ಪಾಲು. ಕಾಲಿಲ್ಲದ್ದನ್ನೆಲ್ಲ ಒಂದೇ ಗುಂಪಿಗೆ ಹಾಕುವುದನ್ನು ಬಿಟ್ಟರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಏನೇನು ಬೇಕು

ಹತ್ತಿರದ ಫೋಟೋ ಚೆನ್ನಾಗಿ ತೆಗೆಯುವ ಮೊಬೈಲ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದು ಸ್ಕೇಲು, ಮುಚ್ಚಳವಿರುವ ಪಾರದರ್ಶಕ ಡಬ್ಬಿ, ಬರೆದುಕೊಳ್ಳಲು ಪುಸ್ತಕ. ಇಷ್ಟು ಸಾಕು. ಭೂತಗನ್ನಡಿ ಇಲ್ಲದಿದ್ದರೂ ನಡೆಯುತ್ತದೆ, ಮೊಬೈಲಿನಲ್ಲಿ ಝೂಮ್ ಮಾಡಿ ನೋಡಬಹುದು.

ಎಚ್ಚರಿಕೆ: ಗುರುತು ಸಿಗುವ ತನಕ ಬರಿಗೈಲಿ ಮುಟ್ಟಬೇಡಿ. ಬೆಂಗಳೂರಿನ ಸುತ್ತ ಕಟ್ಟುಹಾವಿನ ಮರಿಗಳು ಸಿಗುತ್ತವೆ. ಅಪರೂಪಕ್ಕೆ ತೆಳ್ಳಗಿನ ಹವಳದ ಹಾವೂ ಸಿಗುತ್ತದೆ. ಅದು ಪೆನ್ಸಿಲ್‌ಗಿಂತ ಸಣ್ಣ, ತಲೆ ಕಪ್ಪು, ಬಾಲದಲ್ಲಿ ಎರಡು ಕಪ್ಪು ಪಟ್ಟಿ. ತರಗೆಲೆ, ಕಲ್ಲಿನ ಅಡಿಯಲ್ಲೇ ಇರುವುದರಿಂದ ‘ಏನೋ ಹುಳು’ ಅಂತ ಎತ್ತಿಕೊಳ್ಳುವ ಅಪಾಯವಿದೆ. ಎರಡೂ ವಿಷದ ಹಾವುಗಳು. ಅನುಮಾನ ಬಂದರೆ ದೂರ ನಿಂತು ಫೋಟೋ ತೆಗೆದು, ಹಾವು ಹಿಡಿಯುವ ಅನುಭವಿಗಳನ್ನು ಕರೆಯಿರಿ.

ಹಂತ 1: ನಿಜವಾಗಿಯೂ ಕಾಲಿಲ್ಲವಾ?

ಇದು ಸುಲಭ ಅನ್ನಿಸುತ್ತದೆ. ಆದರೆ ಜಾಸ್ತಿ ಜನ ಎಡವುವುದು ಇಲ್ಲೇ.

ನಮ್ಮೂರಿನ ತೋಟಗಳಲ್ಲಿ ಚುಕ್ಕಿ ಹಾವುರಾಣಿ ಸಾಕಷ್ಟಿದೆ. ವೈಜ್ಞಾನಿಕ ಹೆಸರು ರಿಯೋಪಾ ಪಂಕ್ಟೇಟಾ. ಬೆರಳಿಗಿಂತ ಸಣ್ಣ, ಉದ್ದ ಮೈ. ಬೆನ್ನ ಮೇಲೆ ಚುಕ್ಕಿಗಳ ಸಾಲು, ಮರಿಗಳ ಬಾಲ ಕೆಂಪು. ಕಾಲು ನಾಲ್ಕೂ ಇವೆ, ಆದರೆ ತೀರಾ ಚಿಕ್ಕವು. ಗಾಬರಿಯಾದಾಗ ಕಾಲುಗಳನ್ನು ಮೈಗೆ ಅಂಟಿಸಿಕೊಂಡು ಹಾವಿನ ಹಾಗೆ ತರಗೆಲೆಯೊಳಗೆ ಹರಿದು ಹೋಗುತ್ತದೆ. ಓಡುವಾಗ ತೆಗೆದ ವಿಡಿಯೋದಲ್ಲಿ ಕಾಲು ಕಾಣಿಸುವುದೇ ಇಲ್ಲ.

ಹಾಗಾಗಿ ಎರಡು ಜಾಗ ಮಾತ್ರ ನೋಡಿ. ಒಂದು, ಕಿವಿತೂತಿನ ಸ್ವಲ್ಪ ಹಿಂದೆ, ಪಕ್ಕದಲ್ಲಿ. ಇನ್ನೊಂದು, ಹೊಟ್ಟೆ ಮುಗಿದು ಬಾಲ ಶುರುವಾಗುವಲ್ಲಿರುವ ಅಡ್ಡ ಸೀಳಿನ ಪಕ್ಕ. ಮಲ, ಮೊಟ್ಟೆ ಎಲ್ಲ ಹೊರಬರುವುದು ಈ ಸೀಳಿನಿಂದಲೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬೇಕಾಗುತ್ತದೆ. ಕಾಲಿದ್ದರೆ ಈ ಎರಡು ಕಡೆ ಒಂದು ಸಣ್ಣ ಮೊಟಕಾದರೂ ಸಿಗುತ್ತದೆ. ಫೋಟೋ ಮೇಲಿನಿಂದ ಮಾತ್ರ ತೆಗೆದರೆ ಇದು ತಿಳಿಯುವುದಿಲ್ಲ, ಪಕ್ಕದಿಂದ ತೆಗೆಯಲೇಬೇಕು.

ಕಾಲು ಸಿಕ್ಕಿತಾ? ಬೆಂಗಳೂರಿನಲ್ಲಾದರೆ ನಿಮ್ಮ ಹುಡುಕಾಟ ಬಹುಮಟ್ಟಿಗೆ ಮುಗಿಯಿತು. ಅದು ಚುಕ್ಕಿ ಹಾವುರಾಣಿ ಅಥವಾ ಅದರ ನೆಂಟ. ಮೈ ದಪ್ಪವಾಗಿದ್ದು ಕಾಲು ಗಟ್ಟಿಮುಟ್ಟಾಗಿದ್ದರೆ ಯೂಟ್ರೋಪಿಸ್ ಕುಲದ್ದು (ಕುಲ ಅಂದರೆ ಹತ್ತಿರದ ಪ್ರಭೇದಗಳ ಗುಂಪು). ಲಾಲ್‌ಬಾಗಿನಲ್ಲೋ ಕಬ್ಬನ್ ಪಾರ್ಕಿನಲ್ಲೋ ಬಿಸಿಲು ಕಾಯುತ್ತಾ ಕೂತಿರುವ ದೊಡ್ಡ ಹಾವುರಾಣಿ ಇದೇ.

ಹಂತ 2: ಕಾಲಿಲ್ಲ. ಹಾಗಾದರೆ ಹಾವಾ, ಹಲ್ಲಿಯಾ?

ಕರ್ನಾಟಕದಲ್ಲಿ ಪೂರ್ತಿ ಕಾಲಿಲ್ಲದ ಹಾವುರಾಣಿ ಇದುವರೆಗೆ ದಾಖಲಾಗಿಲ್ಲ. ಬೆಂಗಳೂರಿನ ಕುಂಡದಲ್ಲಿ ಸಿಗುವ ಕಾಲಿಲ್ಲದ ಪ್ರಾಣಿ ಹೆಚ್ಚಾಗಿ ಹುಳುಹಾವು. ಕುರುಡು ಹಾವು ಅಂತಲೂ ಕರೆಯುತ್ತಾರೆ. ಕಪ್ಪು-ಕಂದು ಬಣ್ಣ, ಸಾಮಾನ್ಯವಾಗಿ ಒಂದು ಗೇಣಿಗಿಂತ ಕಡಿಮೆ ಉದ್ದ. ಕುಂಡದ ಮಣ್ಣಿನ ಜೊತೆ ದೇಶದೇಶ ಸುತ್ತಿ ಈಗ ಜಗತ್ತಿನ ಬಿಸಿ ಪ್ರದೇಶಗಳಲ್ಲೆಲ್ಲ ಹರಡಿದೆ. ಇದರಲ್ಲಿ ಇರುವುದೆಲ್ಲ ಹೆಣ್ಣೇ. ಗಂಡಿನ ಸಂಪರ್ಕವಿಲ್ಲದೆ ಮೊಟ್ಟೆ ಇಡುತ್ತವೆ, ಹಾಗಾಗಿ ಒಂದೇ ಒಂದು ಹೊಸ ಊರು ಸೇರಿದರೂ ಸಂತಾನ ಶುರುವಾಗುತ್ತದೆ. ಗೆದ್ದಲು, ಇರುವೆಗಳ ಮೊಟ್ಟೆ-ಮರಿ ತಿಂದುಕೊಂಡಿರುತ್ತದೆ. ಕಚ್ಚುವುದಿಲ್ಲ, ವಿಷವಿಲ್ಲ.

ಇಲ್ಲೊಂದು ಗುಂಡಿ ಇದೆ. ‘ಹೊಟ್ಟೆಯ ಕಡೆ ಅಗಲವಾದ ಹುರುಪೆಗಳಿದ್ದರೆ ಹಾವು, ಇಲ್ಲದಿದ್ದರೆ ಹಲ್ಲಿ’ ಅಂತ ಹಲವು ಕಡೆ ಬರೆದಿರುತ್ತಾರೆ. ನಾಗರಹಾವು, ಕೇರೆಹಾವುಗಳಿಗೆ ಇದು ಸರಿ. ಹುಳುಹಾವಿಗೆ ಸರಿಯಲ್ಲ. ಅದರ ಮೈ ಸುತ್ತ ಹುರುಪೆ ಒಂದೇ ಅಳತೆ, ಬೆನ್ನಿಗೂ ಹೊಟ್ಟೆಗೂ ವ್ಯತ್ಯಾಸವಿಲ್ಲ. ಕಾಲಿಲ್ಲದ ಹಾವುರಾಣಿಗಳೂ ಹೆಚ್ಚುಕಡಿಮೆ ಹಾಗೇ ಕಾಣುತ್ತವೆ. ಈ ಒಂದು ನಿಯಮ ನೆಚ್ಚಿಕೊಂಡವರೆಲ್ಲ ಹುಳುಹಾವನ್ನು ಹಾವುರಾಣಿ ಅಂತ ಬರೆದು ಕಳಿಸುತ್ತಾರೆ.

ಅದರ ಬದಲು ಹೀಗೆ ನೋಡಿ.

ಬಾಲ. ಅಡ್ಡ ಸೀಳಿನಿಂದ ತುದಿಯ ತನಕ ಇರುವುದಷ್ಟೇ ಬಾಲ. ಹುಳುಹಾವಿನಲ್ಲಿ ಅದು ಮೈ ದಪ್ಪಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ತುದಿಯಲ್ಲಿ ಒಂದು ಪುಟ್ಟ ಮುಳ್ಳಿರುತ್ತದೆ. ಡಬ್ಬಿಗೆ ಹಾಕಿದರೆ ಆ ಮುಳ್ಳನ್ನು ಊರಿಕೊಂಡು ಮುಂದೆ ಹೋಗುವುದು ಕಾಣಿಸುತ್ತದೆ. ಹಾವುರಾಣಿಯ ಬಾಲಕ್ಕೆ ಈ ಮುಳ್ಳಿಲ್ಲ. ಮಣ್ಣೊಳಗಿನ ಹಾವುರಾಣಿಗಳ ಬಾಲ ಗಿಡ್ಡವೇ, ಆದರೂ ಹುಳುಹಾವಿನಷ್ಟು ಗಿಡ್ಡವಲ್ಲ. ತುಂಡಾಗಿ ಮತ್ತೆ ಬೆಳೆದಿದ್ದರೆ ಅಲ್ಲಿಂದ ಮುಂದೆ ಬಣ್ಣ ಬೇರೆ ಇರುತ್ತದೆ. ಹಾವಿನ ಬಾಲ ಮತ್ತೆ ಬೆಳೆಯುವುದಿಲ್ಲ. ಹಾಗಾಗಿ ಮರುಬೆಳೆದ ಬಾಲ ಕಂಡರೆ ಅದು ಹಲ್ಲಿಗಳ ಬಳಗದ್ದು ಅಂತ ಧೈರ್ಯವಾಗಿ ಹೇಳಬಹುದು.

ನಾಲಿಗೆ. ಹಾವಿನ ನಾಲಿಗೆ ತೆಳು ದಾರ, ತುದಿ ಆಳವಾಗಿ ಎರಡು ಸೀಳು. ಹಾವುರಾಣಿಯದ್ದು ಅಗಲ, ತುದಿಯಲ್ಲಿ ಸಣ್ಣದೊಂದು ಕಚ್ಚು ಮಾತ್ರ. ಸ್ವಲ್ಪ ಹೊತ್ತು ಕಾದರೆ ಡಬ್ಬಿಯೊಳಗೆ ನಾಲಿಗೆ ಹೊರಹಾಕುತ್ತದೆ, ಆಗ ವಿಡಿಯೋ ತೆಗೆಯಿರಿ. ನನ್ನ ಪ್ರಕಾರ ಎಲ್ಲಕ್ಕಿಂತ ನಂಬಿಕಸ್ಥ ಗುರುತು ಇದೇ.

ಕಣ್ಣು. ರೆಪ್ಪೆ ಮುಚ್ಚಿ ತೆರೆದರೆ ಹಾವಲ್ಲ. ಇದರ ತಿರುವುಮುರುವು ಮಾತ್ರ ನಿಜವಲ್ಲ: ರೆಪ್ಪೆ ಇಲ್ಲ ಅಂದ ಮಾತ್ರಕ್ಕೆ ಹಾವು ಅನ್ನಲಾಗದು. ಮಣ್ಣಿನಲ್ಲಿರುವ ಹಲವು ಹಾವುರಾಣಿಗಳ ಕಣ್ಣಿನ ಮೇಲೆ ಹುರುಪೆ ಮುಚ್ಚಿಕೊಂಡು, ಒಳಗೆ ಕಪ್ಪು ಚುಕ್ಕಿ ಮಾತ್ರ ಕಾಣುತ್ತದೆ. ಕಿವಿತೂತೂ ಹಾಗೇ. ಇದ್ದರೆ ಹಲ್ಲಿ. ಇಲ್ಲದಿದ್ದರೆ ಏನನ್ನೂ ಹೇಳಲಾಗದು, ಯಾಕೆಂದರೆ ಮಣ್ಣು ನುಗ್ಗುತ್ತದೆ ಅಂತ ಎಷ್ಟೋ ಬಿಲವಾಸಿ ಹಾವುರಾಣಿಗಳಲ್ಲಿ ಅದೂ ಮುಚ್ಚಿಹೋಗಿದೆ.

ಮಲೆನಾಡಿನಿಂದ ಫೋಟೋ ಕಳಿಸುವವರಿಗೆ ಇನ್ನೊಂದು ಮಾತು. ಅಡಿಕೆ ತೋಟದ ಕಪ್ಪಲಿನಲ್ಲಿ, ಗೊಬ್ಬರದ ಗುಂಡಿಯಲ್ಲಿ ಸಿಗುವ, ಮೈಗೆಲ್ಲ ಉಂಗುರ ಉಂಗುರ ಇರುವ ಲೋಳೆ ಚರ್ಮದ ಪ್ರಾಣಿ ಸಿಸಿಲಿಯನ್. ಅದು ಕಪ್ಪೆಗಳ ಕಡೆಯ ಉಭಯವಾಸಿ. ಚರ್ಮ ಒದ್ದೆ, ಹುರುಪೆ ಕಾಣದು. ಅದಕ್ಕೂ ಹಾವುರಾಣಿಗೂ ಏನೂ ಸಂಬಂಧವಿಲ್ಲ.

ಹಂತ 3: ಹಲ್ಲಿಯೇ ಸರಿ, ಆದರೆ ಹಾವುರಾಣಿಯಾ?

ಇದು ಹೊರ ರಾಜ್ಯ, ಹೊರ ದೇಶದಿಂದ ಫೋಟೋ ತಂದವರಿಗೆ. ಮೇಘಾಲಯ, ಡಾರ್ಜಿಲಿಂಗ್ ಕಡೆ ಟ್ರೆಕ್ಕಿಂಗ್ ಹೋದವರು ಒಂದು ಉದ್ದ ಬಾಲದ ಕಾಲಿಲ್ಲದ ಹಲ್ಲಿಯ ಚಿತ್ರ ತರುತ್ತಾರೆ. ಅದು ಗಾಜುಹಲ್ಲಿ, ಬೇರೆಯೇ ಕುಟುಂಬ. ಮೈಯ ಎರಡೂ ಪಕ್ಕ ಉದ್ದಕ್ಕೂ ಒಂದು ಮಡಿಕೆ ಇರುತ್ತದೆ, ಬಾಲವೇ ಮೈಗಿಂತ ಉದ್ದ. ಹುಲ್ಲಿನ ಮೇಲೆ ಓಡಾಡುವ ಕಾಲಿಲ್ಲದ ಹಲ್ಲಿಗಳಿಗೆ ಬಾಲ ಉದ್ದ, ಮಣ್ಣು ಕೊರೆಯುವವಕ್ಕೆ ಮೈ ಉದ್ದ ಬಾಲ ಗಿಡ್ಡ. ಜಗತ್ತಿನಾದ್ಯಂತ ಬಹುಮಟ್ಟಿಗೆ ಕಾಣುವ ಲಕ್ಷಣ ಇದು.

ನಿಕೋಬಾರ್ ದ್ವೀಪಗಳಲ್ಲಿ ಡಿಬಾಮಸ್ ಅನ್ನುವ ಕುರುಡು ಹಲ್ಲಿ ಇದೆ. ಮೊದಲು ಅದನ್ನು ಹಾವುರಾಣಿಗಳ ಹತ್ತಿರದ ನೆಂಟ ಅಂದುಕೊಂಡಿದ್ದರು. ಡಿಎನ್‌ಎ ನೋಡಿದಾಗ ಅದು ಹಾವು-ಹಲ್ಲಿಗಳ ವಂಶವೃಕ್ಷದ ಬುಡದಲ್ಲೇ ಬೇರೆಯಾದ ಹಳೇ ಕೊಂಬೆ ಅಂತ ತಿಳಿಯಿತು.

ಹಾವುರಾಣಿಯನ್ನು ಖಚಿತಪಡಿಸುವುದು ಪ್ರತಿ ಹುರುಪೆಯ ಕೆಳಗೆ ಹಲವು ತುಂಡು ಸೇರಿ ಆದ ಮೂಳೆಯ ಬಿಲ್ಲೆಗಳು. ಹೊರಗಿನಿಂದ ಅವು ಕಾಣುವುದಿಲ್ಲ. ಆದರೆ ಅವುಗಳಿಂದಲೇ ಮೈ ಮುಟ್ಟಿದರೆ ಗಟ್ಟಿ, ನೋಡಿದರೆ ಪಾಲಿಶ್ ಹಾಕಿದಂಥ ನುಣುಪು. ತಲೆಯ ಮೇಲೆ ದೊಡ್ಡ ಹುರುಪೆಗಳು ಎಡಬಲ ಸಮನಾಗಿ ಜೋಡಿಸಿದಂತೆ ಇರುತ್ತವೆ.

ಹಂತ 4: ಎಲ್ಲಿ ಸಿಕ್ಕಿತು?

ಬಿಲವಾಸಿ ಹಾವುರಾಣಿಗಳು ದೂರ ಹೋಗುವುದಿಲ್ಲ. ಒಂದು ಪ್ರಭೇದ ಒಂದು ಬೆಟ್ಟಸಾಲಿಗೋ ಒಂದು ಮರಳುಪಟ್ಟಿಗೋ ಸೀಮಿತವಾಗಿರುವುದು ಸಾಮಾನ್ಯ. ಹಾಗಾಗಿ ಊರು ಗೊತ್ತಾದರೆ ಕುಲ ಅರ್ಧ ಗೊತ್ತಾದ ಹಾಗೆ.

ಭಾರತದಲ್ಲಿ ನೆನಪಿಡಬೇಕಾದ ಹೆಸರು ಮೂರು. ಒಡಿಶಾದ ಚಿಲಿಕಾ ಸರೋವರದ ಬರ್ಕುಡಾ ದ್ವೀಪದಿಂದ 1917ರಲ್ಲಿ ನೆಲ್ಸನ್ ಆನಂಡೇಲ್ ವಿವರಿಸಿದ ಬರ್ಕುಡಿಯಾ ಇನ್ಸುಲಾರಿಸ್. ಆನಂಡೇಲ್ ಅಂದರೆ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಮೊದಲ ನಿರ್ದೇಶಕರು. ಅದರ ಜೊತೆಯದು, ವಿಶಾಖಪಟ್ಟಣ ಕಡೆಯ ಬರ್ಕುಡಿಯಾ ಮೆಲನೋಸ್ಟಿಕ್ಟಾ. ಮೂರನೆಯದು ಪೂರ್ವಘಟ್ಟದ ಸೆಪ್ಸೋಫಿಸ್ ಪಂಕ್ಟೇಟಸ್. ಬ್ರಿಟಿಷ್ ಪ್ರಕೃತಿ ಅಧ್ಯಯನಕಾರ ಬೆಡ್ಡೋಮ್ 1870ರಲ್ಲಿ ವಿವರಿಸಿದ ಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಯಾರೂ ಸರಿಯಾಗಿ ನೋಡಿರಲಿಲ್ಲ. ಮತ್ತೆ ಪತ್ತೆಹಚ್ಚಿ 2013ರಲ್ಲಿ ಹೊಸದಾಗಿ ವಿವರ ಪ್ರಕಟಿಸಿದ ತಂಡದಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಇದ್ದರು. ಆ ಕುಲದಲ್ಲಿ ಇರುವುದು ಅದೊಂದೇ ಪ್ರಭೇದ.

ರಾಜಸ್ಥಾನದ ಥಾರ್ ಮರಳಿನಲ್ಲಿ ಈಜಿದಂತೆ ಹೋಗುವ ಒಫಿಯೋಮೋರಸ್ ರೈತ್ಮಾಯಿಗೆ ಪುಟ್ಟ ಕಾಲುಗಳಿವೆ. ಅದೇ ಕುಲದ, ಗ್ರೀಸ್ ದೇಶದ ಪ್ರಭೇದಕ್ಕೆ ಕಾಲೇ ಇಲ್ಲ. ಶ್ರೀಲಂಕಾದಲ್ಲಿ ನೆಸ್ಸಿಯಾ ಅನ್ನುವ ಕುಲವಿದೆ, ಬೇರೆಲ್ಲೂ ಇಲ್ಲ. ಅದರಲ್ಲಿ ಸಣ್ಣ ಕಾಲಿರುವವೂ ಇವೆ, ಪೂರ್ತಿ ಕಾಲಿಲ್ಲದವೂ ಇವೆ.

ದಕ್ಷಿಣ ಆಫ್ರಿಕಾ ಕಡೆಯದಾದರೆ ಮೊದಲು ಅಕಾಂಟಿಯಾಸ್ ಅಥವಾ ಟಿಫ್ಲೋಸಾರಸ್ ನೋಡಿ. ಈ ಎರಡು ಕುಲ ಸೇರಿ ಅಕಾಂಟಿನೇ ಉಪಕುಟುಂಬ (ಕುಟುಂಬದೊಳಗಿನ ಒಂದು ಗುಂಪು), ಸುಮಾರು ಮೂವತ್ತು ಪ್ರಭೇದ, ಒಂದಕ್ಕೂ ಕಾಲಿಲ್ಲ. ಇವುಗಳ ಮೂತಿಯನ್ನು ಹತ್ತಿರದಿಂದ ನೋಡಬೇಕು. ಮೂತಿಯ ತುದಿಯ ಹುರುಪೆ ಮಾಮೂಲಿ ಹಾವುರಾಣಿಗಳಲ್ಲಿ ಚಿಕ್ಕದು. ಇವುಗಳಲ್ಲಿ ಅದು ಹಿಗ್ಗಿ, ದರ್ಜಿ ಬೆರಳ ತುದಿಗೆ ಹಾಕಿಕೊಳ್ಳುವ ಟೋಪಿಯ ಹಾಗೆ ಇಡೀ ಮೂತಿಯನ್ನು ಮುಚ್ಚಿದೆ. ಮೂಗಿನ ಹೊಳ್ಳೆ ಅದರೊಳಗೇ ಇದ್ದು, ಅಲ್ಲಿಂದ ಹಿಂದಕ್ಕೆ ಒಂದು ಗೀರು ಹೋಗುತ್ತದೆ. ಕೆಳದವಡೆ ಸ್ವಲ್ಪ ಒಳಗೆ ಸರಿದಿರುವುದರಿಂದ ಮಣ್ಣು ತಳ್ಳುವಾಗ ಬಾಯಿಗೆ ಹೋಗುವುದಿಲ್ಲ. ಈ ಗೀರು ಕಂಡರೆ ಅಕಾಂಟಿನೇ ಇರಬಹುದು ಅಂತ ಬರೆದುಕೊಳ್ಳಿ. ಇವು ಮರಿ ಹಾಕುತ್ತವೆ. ದೊಡ್ಡ ಅಕಾಂಟಿಯಾಸ್ ಪ್ಲಂಬಿಯಸ್ ಅರ್ಧ ಮೀಟರ್‌ವರೆಗೂ ಬೆಳೆಯುತ್ತದೆ.

ಮಧ್ಯ ಆಫ್ರಿಕಾದ ಫೈಲೀನಿಯಾ, ನಮೀಬಿಯಾ ಕಡೆಯ ಟಿಫ್ಲಕಾಂಟಿಯಾಸ್, ಮಡಗಾಸ್ಕರಿನ ಪ್ಯಾರಕಾಂಟಿಯಾಸ್, ಥಾಯ್ಲೆಂಡ್ ಕಡೆಯ ಐಸೋಪ್ಯಾಕಿಸ್ ಎಲ್ಲ ಬಹುಮಟ್ಟಿಗೆ ಕಾಲಿಲ್ಲದವೇ. ಹೆಸರಿನ ಕೊನೆ ಒಂದೇ ಥರ ಇದೆ ಅಂತ ಇವನ್ನು ಅಕಾಂಟಿಯಾಸ್ ಜೊತೆ ಸೇರಿಸಬೇಡಿ. ಟಿಫ್ಲಕಾಂಟಿಯಾಸ್‌ಗೂ ಪ್ಯಾರಕಾಂಟಿಯಾಸ್‌ಗೂ ಅಕಾಂಟಿಯಾಸ್ ಹತ್ತಿರದ ನೆಂಟನಲ್ಲ.

ಹಂತ 5: ಬೆರಳು ಎಣಿಸಿ, ಆದರೆ ಅದನ್ನೇ ನಂಬಬೇಡಿ

ಈ ಹಂತದಲ್ಲಿ ನಿಧಾನವಾಗಿ ಹೋಗಿ, ವಿಷಯದ ತಿರುಳು ಇರುವುದು ಇಲ್ಲೇ.

ಆಸ್ಟ್ರೇಲಿಯಾದ ಲೆರಿಸ್ಟಾ ಕುಲ ತಗೊಳ್ಳಿ. ತೊಂಬತ್ತಕ್ಕೂ ಹೆಚ್ಚು ಪ್ರಭೇದ. ಕೆಲವಕ್ಕೆ ನಾಲ್ಕೂ ಕಾಲು, ಐದೈದು ಬೆರಳು. ಕೆಲವಕ್ಕೆ ನಾಲ್ಕು, ಮೂರು, ಎರಡು. ಕೆಲವಕ್ಕೆ ಮುಂಗಾಲು ಹೋಗಿ ಹಿಂಗಾಲು ಮಾತ್ರ ಉಳಿದಿದೆ. ಕೆಲವಕ್ಕೆ ಏನೂ ಇಲ್ಲ. ಇವುಗಳ ಡಿಎನ್‌ಎ ಆಧಾರದ ಮೇಲೆ ವಂಶವೃಕ್ಷ ಬರೆದು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಒಂದೇ ಕುಲದೊಳಗೆ ಬೆರಳು ಕಳೆದುಕೊಳ್ಳುವುದು ಮತ್ತೆ ಮತ್ತೆ, ಒಂದಕ್ಕೊಂದು ಸಂಬಂಧವಿಲ್ಲದೆ ನಡೆದಿದೆ. ಐದು ಬೆರಳಿನ ಕಾಲಿನಿಂದ ಕಾಲೇ ಇಲ್ಲದ ಮೈಗೆ ಬರಲು ಸುಮಾರು 36 ಲಕ್ಷ ವರ್ಷ ಸಾಕಾಗಿರಬಹುದು. ವಿಕಾಸದ ಲೆಕ್ಕದಲ್ಲಿ ಇದು ಬಹಳ ಬೇಗ.

ಇದರಿಂದ ನಿಮಗೇನು ತಿಳಿಯಬೇಕು? ಎರಡು ಬೆರಳಿನ ಎರಡು ಲೆರಿಸ್ಟಾ ಸಿಕ್ಕರೆ ಅವು ಅಣ್ಣತಮ್ಮಂದಿರೇ ಆಗಿರಬೇಕಿಲ್ಲ. ಒಂದರ ಹತ್ತಿರದ ನೆಂಟನಿಗೆ ನಾಲ್ಕು ಬೆರಳಿರಬಹುದು, ಇನ್ನೊಂದರ ನೆಂಟನಿಗೆ ಕಾಲೇ ಇಲ್ಲದಿರಬಹುದು. ಬೆರಳಿನ ಲೆಕ್ಕ ಪ್ರಭೇದ ಗುರುತಿಸಲು ಸಹಾಯ ಮಾಡುತ್ತದೆ. ಸಂಬಂಧ ಹೇಳಲು ಸಹಾಯ ಮಾಡುವುದಿಲ್ಲ. ವಿದ್ಯಾರ್ಥಿಗಳು ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಐದರಿಂದ ಶುರುಮಾಡಿ ಸೊನ್ನೆಯ ತನಕ ಪ್ರಭೇದಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ಮಧ್ಯೆ ಬಾಣದ ಗುರುತು ಹಾಕುತ್ತಾರೆ. ಆ ಚಿತ್ರ ಹಾಕಬೇಡಿ. ಇವು ಒಂದರಿಂದ ಒಂದು ಹುಟ್ಟಿದವಲ್ಲ, ಇವತ್ತು ಅಕ್ಕಪಕ್ಕದಲ್ಲಿ ಬದುಕುತ್ತಿರುವವು.

ಫಿಲಿಪ್ಪೀನ್ಸಿನ ಬ್ರಾಕಿಮೆಲಿಸ್ ಕುಲದಲ್ಲಿ ಇನ್ನೂ ದೊಡ್ಡ ಚರ್ಚೆ ಇದೆ. ಅದರಲ್ಲೂ ಐದು ಬೆರಳಿನಿಂದ ಕಾಲಿಲ್ಲದ ತನಕ ಎಲ್ಲವೂ ಇವೆ. ಹೋದ ಕಾಲು ಕೆಲವು ಕೊಂಬೆಗಳಲ್ಲಿ ವಾಪಸ್ ಬಂದಿದೆ ಅಂತ ಒಂದು ಸಂಶೋಧಕರ ಗುಂಪು ವಾದಿಸುತ್ತದೆ. ಕಳೆದುಹೋದ ಅಂಗ ಮತ್ತೆ ಬರುವುದಿಲ್ಲ ಅನ್ನುವ ಹಳೇ ತಿಳಿವಳಿಕೆಗೆ ಇದು ವಿರುದ್ಧ, ಆದ್ದರಿಂದ ಎಲ್ಲರೂ ಒಪ್ಪಿಲ್ಲ. ನಿಮ್ಮ ಬರಹದಲ್ಲಿ ಇದನ್ನು ಹೇಳುವುದಾದರೆ ‘ಚರ್ಚೆಯಲ್ಲಿದೆ’ ಅಂತಲೇ ಬರೆಯಿರಿ. ಇದೇ ಕುಲದಲ್ಲಿ ಈ ಶತಮಾನದ ಶುರುವಿನಲ್ಲಿ ಹದಿನೈದರ ಆಸುಪಾಸು ಪ್ರಭೇದಗಳಿದ್ದವು, ಈಗ ನಲವತ್ತು ದಾಟಿವೆ. ಹೊಸವು ಹುಟ್ಟಿಕೊಂಡಿದ್ದಲ್ಲ. ಮೇಲ್ನೋಟಕ್ಕೆ ಒಂದೇ ಥರ ಇದ್ದವನ್ನು ಹುರುಪೆ ಎಣಿಸಿ, ಡಿಎನ್‌ಎ ನೋಡಿ ಬೇರೆ ಮಾಡಿದ್ದು. ಇಂಥವಕ್ಕೆ ಗುಪ್ತ ಪ್ರಭೇದ ಅನ್ನುತ್ತಾರೆ. ಮಣ್ಣೊಳಗಿನ ಪ್ರಾಣಿಗಳಲ್ಲಿ ಇವು ಜಾಸ್ತಿ, ಯಾಕೆಂದರೆ ಒಂದೇ ಥರದ ಕೆಲಸಕ್ಕೆ ಮೈಯೂ ಒಂದೇ ಥರ ಆಗುತ್ತದೆ.

ಬೆರಳಿನ ಜೊತೆ ಏನು ನೋಡಬೇಕು? ಮೈಯ ನಡುಭಾಗದಲ್ಲಿ ಸುತ್ತಲೂ ಎಷ್ಟು ಸಾಲು ಹುರುಪೆ ಇದೆ ಅಂತ ಎಣಿಸಬೇಕು. ಇದಕ್ಕೆ ನಡುಮೈ ಸಾಲು ಅನ್ನೋಣ. ಮುಂಗಾಲು, ಹಿಂಗಾಲಿನ ಮಧ್ಯದಲ್ಲಿ, ಕಾಲಿಲ್ಲದಿದ್ದರೆ ಮೂತಿ ಮತ್ತು ಅಡ್ಡ ಸೀಳಿನ ಮಧ್ಯದಲ್ಲಿ ಎಣಿಸಬೇಕು. ಸಾಲುಗಳು ಓರೆಯಾಗಿ ಕೂತಿರುವುದರಿಂದ ಒಂದೇ ಹುರುಪೆಯನ್ನು ಎರಡು ಸಲ ಎಣಿಸುವುದು ಸುಲಭ. ಫೋಟೋ ಪ್ರಿಂಟ್ ತೆಗೆದು ಪ್ರತಿ ಹುರುಪೆಯ ಮೇಲೆ ಪೆನ್ನಿನಿಂದ ಚುಕ್ಕಿ ಇಡುತ್ತಾ ಹೋಗಿ. ಹೊಟ್ಟೆಯ ಕಡೆ, ಬೆನ್ನಿನ ಕಡೆ, ಎರಡು ಪಕ್ಕ, ಹೀಗೆ ನಾಲ್ಕು ಫೋಟೋ ಇಲ್ಲದೆ ಈ ಲೆಕ್ಕ ಬರುವುದಿಲ್ಲ. ಆಮೇಲೆ ಮೇಲ್ದುಟಿಯ ಹುರುಪೆಗಳು, ಕಣ್ಣಿನ ಸ್ಥಿತಿ, ಕಿವಿತೂತು.

ಹಂತ 6: ಹೆಸರು ಓದುವುದನ್ನು ಕಲಿಯಿರಿ

ಎರಡನೇ ಪ್ರಶ್ನೆಗೆ ಉತ್ತರ ಇಲ್ಲಿದೆ. ವೈಜ್ಞಾನಿಕ ಹೆಸರಿನಲ್ಲಿ ಮೊದಲ ಪದ ಕುಲ, ಎರಡನೆಯದು ಪ್ರಭೇದ. ಆಮೇಲೆ ಬರುವುದು ಹೆಸರಿಟ್ಟವರು ಮತ್ತು ವರ್ಷ. ಈ ಎರಡು ಸಾಲು ನೋಡಿ:

ಬರ್ಕುಡಿಯಾ ಇನ್ಸುಲಾರಿಸ್ ಆನಂಡೇಲ್, 1917
ಬರ್ಕುಡಿಯಾ ಮೆಲನೋಸ್ಟಿಕ್ಟಾ (ಷ್ನೈಡರ್, 1801)

ಮೊದಲನೆಯದಕ್ಕೆ ಕಂಸವಿಲ್ಲ, ಅಂದರೆ ಆನಂಡೇಲ್ ಇದನ್ನು ಬರ್ಕುಡಿಯಾ ಕುಲದಲ್ಲೇ ಇಟ್ಟು ಹೆಸರಿಸಿದರು. ಎರಡನೆಯದಕ್ಕೆ ಕಂಸವಿದೆ, ಅಂದರೆ ಷ್ನೈಡರ್ ಹೆಸರಿಟ್ಟಾಗ ಅದು ಬೇರೆ ಕುಲದಲ್ಲಿತ್ತು. ಯಾವ ಕುಲ? ಆಂಗ್ವಿಸ್. ಆ ಕಾಲದಲ್ಲಿ ಕಾಲಿಲ್ಲದ್ದೆಲ್ಲ ಹಾವಿನ ಕಡೆಗೆ ಹೋಗುತ್ತಿತ್ತು. ಎರಡು ಪದದ ಹೆಸರಿನ ಪದ್ಧತಿ ತಂದ ಲಿನೇಯಸ್ 1758ರಲ್ಲಿ ಆಂಗ್ವಿಸ್ ಕುಲವನ್ನು ಹಾವುಗಳ ಜೊತೆಗೇ ಇಟ್ಟಿದ್ದರು. ಸಿಸಿಲಿಯನ್‌ಗಳೂ ಅದೇ ಗುಂಪಿನಲ್ಲಿದ್ದವು. ದಕ್ಷಿಣ ಆಫ್ರಿಕಾದ ಅಕಾಂಟಿಯಾಸ್ ಮೆಲಿಯಾಗ್ರಿಸ್ ಕೂಡ ಮೊದಲು ಆಂಗ್ವಿಸ್ ಆಗಿತ್ತು. ಆದ್ದರಿಂದ ಹಳೇ ಪುಸ್ತಕದಲ್ಲಿ ಆಂಗ್ವಿಸ್ ಅಂತ ಕಂಡರೆ ಗಾಬರಿ ಬೇಡ, ಆ ಹೆಸರು ಈಗ ಯಾವ ಕುಲದ ಕೆಳಗಿದೆ ಅಂತ ಹುಡುಕಿ. ಹೀಗೆ ಕೈಬಿಟ್ಟ ಹಳೇ ಹೆಸರುಗಳನ್ನು ‘ಸಿನೊನಿಮ್’ ಅನ್ನುತ್ತಾರೆ. ರೆಪ್ಟೈಲ್ ಡೇಟಾಬೇಸ್ ಅನ್ನುವ ಉಚಿತ ವೆಬ್‌ಸೈಟಿನಲ್ಲಿ ಪ್ರತಿ ಪ್ರಭೇದದ ಪುಟದಲ್ಲೂ ಇವುಗಳ ಪಟ್ಟಿ ಸಿಗುತ್ತದೆ.

ನಮ್ಮೂರಿನ ಹಾವುರಾಣಿಗಳಿಗೂ ಇದೇ ಆಗಿದೆ. ಯೂಟ್ರೋಪಿಸ್ ಮೊದಲು ಮಬುಯಾ ಆಗಿತ್ತು. ಚುಕ್ಕಿ ಹಾವುರಾಣಿ ತುಂಬಾ ವರ್ಷ ಲೈಗೋಸೋಮಾ ಆಗಿದ್ದು, 2019ರ ಮರುವರ್ಗೀಕರಣದಲ್ಲಿ ರಿಯೋಪಾಕ್ಕೆ ಹೋಯಿತು. ನಿಮ್ಮ ಕಾಲೇಜಿನ ಪುಸ್ತಕದಲ್ಲಿ ಹಳೇ ಹೆಸರಿದ್ದರೆ ಪುಸ್ತಕ ತಪ್ಪಲ್ಲ, ಹಳೆಯದು ಅಷ್ಟೇ.

ಇನ್ನು ಅಕಾಂಟಿನೇ, ಅಕಾಂಟಿಡೇ ಗೊಂದಲ. ಕೊನೆಯಲ್ಲಿ ‘ಇಡೇ’ ಬಂದರೆ ಕುಟುಂಬ, ‘ಇನೇ’ ಬಂದರೆ ಉಪಕುಟುಂಬ. 1970ರಲ್ಲಿ ಸಂಶೋಧಕ ಅಲೆನ್ ಗ್ರೀರ್ ಅವರು ಇಡೀ ಹಾವುರಾಣಿ ಕುಟುಂಬವನ್ನು ನಾಲ್ಕು ಉಪಕುಟುಂಬ ಮಾಡಿದರು. ಫೈಲೀನಿಯಾಕ್ಕೆ ಒಂದು, ಅಕಾಂಟಿಯಾಸ್ ಬಳಗಕ್ಕೆ ಒಂದು, ಉಳಿದವಕ್ಕೆ ಎರಡು. ಆಮೇಲೆ ಡಿಎನ್‌ಎ ಬಂತು. ಫೈಲೀನಿಯಾ ಬೇರೆ ನಿಲ್ಲಲಿಲ್ಲ, ಅದು ಆಫ್ರಿಕಾದ ಮಾಮೂಲಿ ಹಾವುರಾಣಿಗಳ ಮಧ್ಯೆಯೇ ಇದೆ ಅಂತಾಯಿತು. ಅಕಾಂಟಿಯಾಸ್ ಬಳಗ ಮಾತ್ರ ನಿಂತಿತು, ಉಳಿದೆಲ್ಲ ಹಾವುರಾಣಿಗಳಿಂದ ಮೊದಲೇ ಬೇರೆಯಾದ ಕೊಂಬೆ ಅದು. 2010ರಲ್ಲಿ ಆ ಬಳಗದ ಒಳಗಿನ ಕೆಲವು ಕುಲಗಳನ್ನು ರದ್ದು ಮಾಡಿ ಅಕಾಂಟಿಯಾಸ್‌ಗೆ ಸೇರಿಸಿದರು. ಹಿಂದೆ ಟಿಫ್ಲೋಸಾರಸ್ ಆಗಿದ್ದ ಕೆಲವೂ ಅಲ್ಲಿಗೆ ಬಂದವು. 2014ರಲ್ಲಿ ಇನ್ನೊಬ್ಬ ಸಂಶೋಧಕ ಬ್ಲೇರ್ ಹೆಡ್ಜಸ್ ಹಾವುರಾಣಿಗಳನ್ನು ಒಂಬತ್ತು ಕುಟುಂಬ ಮಾಡಬೇಕು ಅಂದರು, ಅದರಲ್ಲಿ ಅಕಾಂಟಿಡೇ ಒಂದು. ಕೆಲವರು ಒಪ್ಪಿದರು, ಬಹಳಷ್ಟು ಜನ ಒಂದೇ ಕುಟುಂಬ ಇಟ್ಟುಕೊಂಡು ಒಳಗೆ ಉಪಕುಟುಂಬ ಸಾಕು ಅಂದರು. ನಾನು ಉಪಕುಟುಂಬವನ್ನೇ ಬಳಸುತ್ತೇನೆ. ನೀವು ಯಾವುದನ್ನಾದರೂ ಬಳಸಿ, ಆದರೆ ಒಂದೇ ಬರಹದಲ್ಲಿ ಎರಡನ್ನೂ ಕಲಸಬೇಡಿ.

ಇದನ್ನು ಹಿಡಿದು ನೋಡಿದರೆ ಒಂದು ಸಂಗತಿ ತಾನಾಗಿ ಕಾಣುತ್ತದೆ. ಅಕಾಂಟಿಯಾಸ್ ಒಂದು ಕೊಂಬೆ. ಬರ್ಕುಡಿಯಾ, ಸೆಪ್ಸೋಫಿಸ್, ನೆಸ್ಸಿಯಾ, ಫೈಲೀನಿಯಾ ಇನ್ನೊಂದು ಕೊಂಬೆ. ಲೆರಿಸ್ಟಾ, ಐಸೋಪ್ಯಾಕಿಸ್ ಮತ್ತೊಂದು. ಮೂರರಲ್ಲೂ ಕಾಲಿಲ್ಲದವು ಇವೆ, ಅವುಗಳ ಮೂತಿ, ಕಣ್ಣು, ಮೈ ಹೆಚ್ಚುಕಡಿಮೆ ಒಂದೇ ಥರ. ಬೇರೆ ಬೇರೆ ವಂಶಗಳು ಒಂದೇ ರೂಪಕ್ಕೆ ಬರುವುದನ್ನು ಒಮ್ಮುಖ ವಿಕಾಸ ಅನ್ನುತ್ತಾರೆ. ಪರೀಕ್ಷೆಯಲ್ಲಿ ಉದಾಹರಣೆ ಕೇಳಿದರೆ ತಿಮಿಂಗಿಲ, ಮೀನು ಬರೆಯುವ ಬದಲು ಇದನ್ನು ಬರೆಯಿರಿ.

ಹಂತ 7: ದಾಖಲಿಸಿ, ವಾಪಸ್ ಬಿಡಿ

ಡಬ್ಬಿಯಲ್ಲಿ ತುಂಬಾ ಹೊತ್ತು ಇಡಬೇಡಿ. ಮಣ್ಣಿನ ಪ್ರಾಣಿಗಳು ಬಿಸಿಲಿಗೆ ಬೇಗ ಬಳಲುತ್ತವೆ. ನೆರಳಿನಲ್ಲಿ ಡಬ್ಬಿ ಇಟ್ಟು, ತಳದಲ್ಲಿ ಸ್ವಲ್ಪ ತೇವದ ಮಣ್ಣು ಹಾಕಿ, ಪಕ್ಕದಲ್ಲಿ ಸ್ಕೇಲು ಇಟ್ಟು ಫೋಟೋ ತೆಗೆಯಿರಿ. ಬಾಲ ಹಿಡಿದು ಎತ್ತಬೇಡಿ, ತುಂಡಾಗುತ್ತದೆ. ತೆಗೆಯಬೇಕಾದ ಫೋಟೋ: ತಲೆ ಮೇಲಿನಿಂದ, ತಲೆ ಪಕ್ಕದಿಂದ, ಹೊಟ್ಟೆ, ಅಡ್ಡ ಸೀಳು ಮತ್ತು ಬಾಲ, ಪೂರ್ತಿ ಮೈ. ಹೊಟ್ಟೆಯ ಫೋಟೋಗೆ ತಿರುವಿ ಹಾಕುವುದು ಬೇಡ, ಪಾರದರ್ಶಕ ಡಬ್ಬಿಯನ್ನು ಎತ್ತಿ ಕೆಳಗಿನಿಂದ ತೆಗೆದರಾಯಿತು.

ಪುಸ್ತಕದಲ್ಲಿ ತಾರೀಕು, ಹೊತ್ತು, ಜಾಗ, ಮಣ್ಣು ಎಂಥದ್ದು (ಕೆಮ್ಮಣ್ಣು, ಗೊಬ್ಬರ, ಮರಳು), ಎಷ್ಟು ಆಳದಲ್ಲಿ ಸಿಕ್ಕಿತು, ಹಿಂದಿನ ದಿನ ಮಳೆ ಬಂದಿತ್ತಾ ಅಂತ ಬರೆದಿಡಿ. ಆಳ ಮತ್ತು ಮಣ್ಣಿನ ವಿವರ ಯಾರೂ ಬರೆಯುವುದಿಲ್ಲ. ಬಿಲವಾಸಿಗಳ ವಿಷಯದಲ್ಲಿ ಅತಿ ಹೆಚ್ಚು ಬೇಕಾಗುವುದು ಅದೇ.

ಜನ ತಾವು ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕುವಾಗ ಖಾತ್ರಿ ಇರುವ ಮಟ್ಟದಲ್ಲಿ ನಿಲ್ಲಿಸಿ. ಕುಟುಂಬ ಮಾತ್ರ ಗೊತ್ತಿದ್ದರೆ ಕುಟುಂಬ, ಕುಲ ಗೊತ್ತಿದ್ದರೆ ಕುಲ. ಆ್ಯಪ್ ತಾನಾಗಿ ತೋರಿಸುವ ಮೊದಲ ಹೆಸರನ್ನು ಒತ್ತಿಬಿಡಬೇಡಿ. ಹುಳುಹಾವಿನ ಮಸುಕು ಫೋಟೋಗೆ ಅದು ಬೇರೆ ಖಂಡದ ಹಾವುರಾಣಿಯ ಹೆಸರು ಸೂಚಿಸುವುದುಂಟು. ಅಪರೂಪದ ಪ್ರಭೇದವಾದರೆ ಜಾಗದ ನಿಖರ ಗುರುತನ್ನು ಮರೆಮಾಡುವ ಆಯ್ಕೆ ಬಳಸಿ, ಹಿಡಿದು ಮಾರುವವರಿಗೆ ದಾರಿ ತೋರಿಸಿದ ಹಾಗಾಗಬಾರದು. ಎರಡು ತಲೆ ಹಾವಿಗೆ ಕರ್ನಾಟಕದಲ್ಲಿ ಏನಾಗುತ್ತಿದೆ ಅಂತ ಪತ್ರಿಕೆ ಓದುವ ಎಲ್ಲರಿಗೂ ಗೊತ್ತು.

ಸಾಕುವುದು, ಸ್ಪಿರಿಟ್‌ನಲ್ಲಿ ಹಾಕಿ ಕಾಲೇಜಿಗೆ ಕೊಡುವುದು ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದೆ, ಸಂಗ್ರಹಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅಗೆಯುವಾಗ ಹಾರೆ ತಗುಲಿ ಸತ್ತದ್ದು ಸಿಕ್ಕರೂ ಮೊದಲು ಫೋಟೋ ತೆಗೆದು, ಹತ್ತಿರದ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದವರನ್ನು ಕೇಳಿ. ಜೀವಂತವಾಗಿದ್ದರೆ ಸಿಕ್ಕ ಜಾಗದಲ್ಲೇ, ಸಂಜೆ ಹೊತ್ತು, ಸಡಿಲ ಮಣ್ಣಿನ ಮೇಲೆ ಡಬ್ಬಿ ಓರೆ ಮಾಡಿ ಬಿಡಿ. ಕುಂಡದಲ್ಲಿ ಸಿಕ್ಕ ಹುಳುಹಾವಾದರೆ ಅದೇ ಕುಂಡಕ್ಕೆ ಬಿಟ್ಟರೂ ಗಿಡಕ್ಕೆ ಏನೂ ತೊಂದರೆ ಇಲ್ಲ.